ಗುಬ್ಬಿಯಿಂದ ಹೊರಟವರು ನಡುವೆ ಎಲ್ಲಿ ತಂಗಬೇಕು?

ತುಮಕೂರಿನ ಯಾವ ಬೀದಿಗೆ ಹೋದರೂ ಈಗ ಒಂದಲ್ಲ ಒಂದು ಮನೆಯ ಮಗನೋ ಮಗಳೋ ಹೊರದೇಶದಲ್ಲಿರುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯೂ ಅಷ್ಟೇ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳ ಮುಖ ನೋಡಲೆಂದೋ ಅಜ್ಜಿ-ತಾತಂದಿರು ವಿಮಾನ ಹತ್ತುವುದು ಈಗ ಅಪರೂಪದ ಸಂಗತಿಯಲ್ಲ. ಹಾಗೆ ಹೋಗುವವರು ಸಾಮಾನ್ಯವಾಗಿ ನಡುವೆ ಒಂದು ಊರಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕಾಗುತ್ತದೆ. ಆ ನಡುವಿನ ಊರು ಯಾವುದಾಗಿರಬೇಕು? ಟಿಕೆಟ್ಟಿನ ಬೆಲೆ ನೋಡಿ ಮಕ್ಕಳು ಯಾವುದನ್ನು ಬುಕ್ ಮಾಡುತ್ತಾರೋ ಅದೇ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಆ ಊರನ್ನು ಯೋಚಿಸಿ ಆರಿಸಿಕೊಂಡರೆ ಇಡೀ ಪ್ರಯಾಣವೇ ಬೇರೆಯಾಗುತ್ತದೆ. ನಮ್ಮ ಮನೆಯಲ್ಲಂತೂ ಪ್ರಯಾಣ ನಡೆಯುತ್ತದೋ ಇಲ್ಲವೋ ಎಂಬುದೇ ಆ ಊರಿನ ಮೇಲೆ ನಿಂತಿತ್ತು.

ನಾನು ಗುಬ್ಬಿಯವನು. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ತುಮಕೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಮಗಳು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿದ್ದಾಳೆ. ಅವಳಿಗೆ ಮಗುವಾಯಿತು. ಬೇಸಿಗೆ ರಜೆಯಲ್ಲಿ ನಾನು, ನನ್ನಾಕೆ, ಏಳನೇ ತರಗತಿಯ ಮೊಮ್ಮಗ, ಮೂವರೂ ಹೋಗಿಬರುವುದೆಂದು ಮಗ ಹೇಳಿದ. ನನ್ನಾಕೆಯ ಎರಡೂ ಮಂಡಿ ನೋವು, ಜೊತೆಗೆ ಸಕ್ಕರೆ ಕಾಯಿಲೆ. ಆಕೆ ಒಂದೇ ಮಾತು ಹೇಳಿದಳು: “ಹನ್ನೆರಡು ಗಂಟೆ ಕಾಲು ಇಳಿಬಿಟ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ನೀವಿಬ್ಬರೂ ಹೋಗಿಬನ್ನಿ. ನಾನು ಫೋನಲ್ಲೇ ಮಗು ನೋಡ್ತೀನಿ.”

ಡಾಕ್ಟರನ್ನು ಕೇಳಿದೆವು. “ಕರೆದುಕೊಂಡು ಹೋಗಿ, ಆದರೆ ಒಂದೇ ಸಮನೆ ಕೂರಿಸಬೇಡಿ” ಎಂದರು. ಹೆಚ್ಚು ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದಂತೆ. ವಯಸ್ಸಾದವರಿಗೆ ಅದು ಇನ್ನೂ ಹೆಚ್ಚು. ವಿಮಾನದಲ್ಲಿ ಆಗಾಗ ಎದ್ದು ನಡೆಯಬೇಕು, ಪಾದ ಮೇಲೆ ಕೆಳಗೆ ಆಡಿಸಬೇಕು, ನೀರು ಕುಡಿಯಬೇಕು, ನಡುವೆ ಎಲ್ಲಾದರೂ ಕಾಲು ಚಾಚಿ ಮಲಗಿ ಮುಂದೆ ಹೋದರೆ ಒಳ್ಳೆಯದು ಎಂದರು. ಅಲ್ಲಿಗೆ ನಡುವಿನ ಊರು ಹುಡುಕುವ ಕೆಲಸ ಶುರುವಾಯಿತು.

ಎತ್ತಿನ ಗಾಡಿಯ ಲೆಕ್ಕ

ನನ್ನ ತಾತನ ಕಾಲದಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ದೂರದ ಜಾತ್ರೆಗೆ ಹೋಗುತ್ತಿದ್ದರು. ರಾತ್ರಿ ಎಲ್ಲಿ ತಂಗಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದರು. ಆ ಊರು ಚೆಂದವೋ ಅಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ನೀರಿದೆಯೇ, ನೆರಳಿದೆಯೇ, ಛತ್ರ ಇದೆಯೇ, ಎತ್ತಿಗೆ ಮೇವು ಸಿಗುತ್ತದೆಯೇ ಎಂದಷ್ಟೇ ನೋಡುತ್ತಿದ್ದರು. ಜೋಡಿಯಲ್ಲಿ ಯಾವ ಎತ್ತು ನಿಧಾನವೋ ಅದರ ನಡಿಗೆಗೆ ತಕ್ಕಂತೆ ದಾರಿ ಅಳೆಯುತ್ತಿದ್ದರು. ಈ ಕಥೆ ಹೇಳಿದಾಗ ನನ್ನಾಕೆ, “ಹಂಗಾದ್ರೆ ಈ ಗಾಡೀಲಿ ನಿಧಾನದ ಎತ್ತು ನಾನೇ ಅನ್ನಿ” ಎಂದು ನಕ್ಕಳು. ಮೊಮ್ಮಗ ಅದನ್ನೇ ಹಿಡಿದುಕೊಂಡ. ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದು ಊರುಗಳಿಗೆ ಅಂಕ ಕೊಡಲು ಕೂತ.

ಇಲ್ಲಿ ಎರಡು ಪದ ತಿಳಿದಿರಲಿ. ನಡುವಿನ ಊರಿನಲ್ಲಿ 24 ಗಂಟೆಗಿಂತ ಕಡಿಮೆ ನಿಂತರೆ ವಿಮಾನದವರು ಸಾಮಾನ್ಯವಾಗಿ ಅದನ್ನು ಟ್ರಾನ್ಸಿಟ್ ಅಥವಾ ಲೇಓವರ್ ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ನಿಂತರೆ ಸ್ಟಾಪ್‌ಓವರ್. ಟಿಕೆಟ್ ಬುಕ್ ಮಾಡುವಾಗ ಈ ವ್ಯತ್ಯಾಸದಿಂದ ದರವೂ ಬದಲಾಗಬಹುದು.

ಗೋಳಕ್ಕೆ ದಾರ ಕಟ್ಟಿ ನೋಡಿ

ಮಕ್ಕಳೇ, ಈ ಪ್ರಯೋಗವನ್ನು ನೀವೂ ಮಾಡಬಹುದು. ಶಾಲೆಯ ಭೂಗೋಳ ತೆಗೆದುಕೊಂಡು, ಬೆಂಗಳೂರಿನ ಮೇಲೆ ದಾರದ ಒಂದು ತುದಿ ಇಟ್ಟು, ಹೋಗಬೇಕಾದ ಊರಿಗೆ ಬಿಗಿಯಾಗಿ ಎಳೆಯಿರಿ. ದಾರ ಹಾದುಹೋಗುವುದೇ ಹತ್ತಿರದ ದಾರಿ. ಗೋಡೆಯ ನಕ್ಷೆಯ ಮೇಲೆ ಎಳೆದರೆ ಸರಿಯಾದ ಉತ್ತರ ಸಿಗುವುದಿಲ್ಲ. ಭೂಮಿ ಗುಂಡಗಿದೆ, ನಕ್ಷೆ ಚಪ್ಪಟೆ.

ಬೆಂಗಳೂರಿನಿಂದ ಮೆಲ್ಬರ್ನ್‌ಗೆ ಎಳೆದ ದಾರ ಬಹುಪಾಲು ಹಿಂದೂ ಮಹಾಸಾಗರದ ಮೇಲೆಯೇ ಹೋಗುತ್ತದೆ. ಅದರ ಅಕ್ಕಪಕ್ಕ ಸಿಗುವ ದೊಡ್ಡ ವಿಮಾನ ನಿಲ್ದಾಣಗಳು ಕೊಲಂಬೊ, ಕೌಲಾಲಂಪುರ, ಸಿಂಗಪುರ. ಬ್ಯಾಂಕಾಕ್ ಸ್ವಲ್ಪ ಉತ್ತರಕ್ಕೆ ಉಳಿಯುತ್ತದೆ. ಹಾಂಗ್‌ಕಾಂಗ್ ಇನ್ನೂ ದೂರ. ದುಬೈ ಅಂತೂ ಪೂರ್ತಿ ಹಿಂದಿನ ದಿಕ್ಕು. ಮೊಮ್ಮಗನಿಗೆ ಹಾಂಗ್‌ಕಾಂಗ್ ಮೇಲೆ ಆಸೆ. ಅಲ್ಲಿ ಡಿಸ್ನಿಲ್ಯಾಂಡ್ ಇದೆ. ವಿಮಾನ ನಿಲ್ದಾಣದ ಹತ್ತಿರದ ತುಂಗ್ ಚುಂಗ್‌ನಿಂದ ಬೆಟ್ಟದ ಮೇಲಿನ ದೊಡ್ಡ ಬುದ್ಧನ ಕಡೆಗೆ 5.7 ಕಿ.ಮೀ. ಉದ್ದದ ಕೇಬಲ್ ಕಾರು ಹೋಗುತ್ತದೆ. ಆದರೆ ದಾರ ತೋರಿಸಿದಾಗ ಅವನೇ ಹಾಂಗ್‌ಕಾಂಗಿಗೆ ದಾರಿಯ ಅಂಕ ಕಡಿಮೆ ಕೊಟ್ಟ. ಬುದ್ಧನ ಬಳಿಗೆ ಹತ್ತಲು 268 ಮೆಟ್ಟಿಲು ಎಂದು ಗೊತ್ತಾದಾಗ ಪೆನ್ಸಿಲಿನಿಂದ ಅದನ್ನು ಹೊಡೆದೇಬಿಟ್ಟ.

ಕೊಲಂಬೊ ದಾರಕ್ಕೆ ಹತ್ತಿರ, ನಿಜ. ಆದರೆ ಬೆಂಗಳೂರಿನಿಂದ ಅಲ್ಲಿಗೆ ಒಂದೂವರೆ ಗಂಟೆ ಚಿಲ್ಲರೆ. ಅಲ್ಲಿ ತಂಗಿದರೆ ಮುಂದಿನ ಉದ್ದ ದಾರಿ ಹಾಗೇ ಉಳಿಯುತ್ತದೆ. ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆ, ಅಲ್ಲಿಂದ ಮೆಲ್ಬರ್ನ್‌ಗೆ ಏಳೂವರೆ ಗಂಟೆ. ಕೌಲಾಲಂಪುರದ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ. ಇನ್ನೊಂದು ಅನುಕೂಲ, ಗಡಿಯಾರದ್ದು. ಏಪ್ರಿಲ್ ಕೊನೆಯಲ್ಲಿ ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಸಿಂಗಪುರ ಮತ್ತು ಕೌಲಾಲಂಪುರ ಎರಡೂವರೆ ಗಂಟೆ ಮುಂದೆ. ಊಟ, ನಿದ್ದೆ, ಮಾತ್ರೆಯ ಹೊತ್ತು ಎರಡು ಕಂತಿನಲ್ಲಿ ಬದಲಾಗುತ್ತದೆ.

ಅಮೆರಿಕಕ್ಕೆ ಹೋಗುವವರ ದಾರ ಬೇರೆ. ಅದರ ಪೂರ್ವ ಕರಾವಳಿಗೆ ಹೋಗುವವರಿಗೆ ದುಬೈ, ಅಬುಧಾಬಿ, ದೋಹಾ ದಾರಿಯಲ್ಲಿ ಸಿಗುತ್ತವೆ. ಪಶ್ಚಿಮ ಕರಾವಳಿಗೆ ಹೋಗುವವರು ಸಿಂಗಪುರ, ಹಾಂಗ್‌ಕಾಂಗ್, ಟೋಕಿಯೊ ಕಡೆಯಿಂದಲೂ ಹೋಗಬಹುದು. ಅಬುಧಾಬಿಯಲ್ಲಿ ಒಂದು ವಿಶೇಷವಿದೆ: ಅಮೆರಿಕದ ವಲಸೆ ತಪಾಸಣೆಯನ್ನು ಅಲ್ಲಿಯೇ ಮುಗಿಸುವ ವ್ಯವಸ್ಥೆ 2014ರಿಂದ ಇದೆ. ಕುಣಿಗಲ್ಲಿನ ನಮ್ಮ ಬೀಗರು ದೋಹಾ ಮೇಲೆ ಹೋಗಿದ್ದರು. ನಿಲ್ದಾಣದ ಒಳಗೆ ತಲೆಯಿಂದ ದೀಪ ಹೊರಟಿರುವ ಹಳದಿ ಬಣ್ಣದ ದೈತ್ಯ ಕರಡಿಯ ಗೊಂಬೆಯೊಂದಿದೆ. ಸುಮಾರು 7 ಮೀಟರ್ ಎತ್ತರ. ಅದರ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಬೀಗರ ಮನೆಯ ನಡುಮನೆಯಲ್ಲಿದೆ. “ಕರಡಿ ನೋಡೋಕೆ ಪುರಸೊತ್ತಿತ್ತು ಸ್ವಾಮಿ. ಬರೋವಾಗ ಬೇರೆ ಊರಲ್ಲಿ ನಡುವೆ ಒಂದು ಗಂಟೆ ಹತ್ತು ನಿಮಿಷ ಮಾತ್ರ ಇತ್ತು. ಬೀಗಿತ್ತಿಯ ಕೈ ಹಿಡ್ಕೊಂಡು ಓಡಿದ್ದೇ ಓಡಿದ್ದು” ಎಂದು ಬೀಗರು ಹೇಳಿದರು. ಅವರು ಕೊಟ್ಟ ಬುದ್ಧಿಮಾತು: ವಯಸ್ಸಾದವರಿಗೆ ನಡುವೆ ಕನಿಷ್ಠ ಮೂರು ಗಂಟೆಯಾದರೂ ಇರಲಿ.

ಹೆಸರಿನಲ್ಲೇ ಕಥೆ

ಅಂಕಪಟ್ಟಿ ಮಾಡುತ್ತಾ ಮೊಮ್ಮಗ ಊರಿನ ಹೆಸರುಗಳ ಅರ್ಥ ಕೇಳಿದ. ಕೌಲಾಲಂಪುರ ಎಂದರೆ ಮಲಯ ಭಾಷೆಯಲ್ಲಿ ಕೆಸರು ನೀರಿನ ಸಂಗಮ. ಹಾಂಗ್‌ಕಾಂಗ್ ಎಂದರೆ ಪರಿಮಳದ ಬಂದರು. ಬ್ಯಾಂಕಾಕನ್ನು ಅಲ್ಲಿಯವರು ಕರೆಯುವುದು ಕ್ರುಂಗ್‌ಥೇಪ್ ಎಂದು, ಅಂದರೆ ದೇವನಗರಿ. ಅದರ ಪೂರ್ತಿ ಹೆಸರು ಥಾಯ್ ಲಿಪಿಯಲ್ಲಿ 168 ಅಕ್ಷರ. ಜಗತ್ತಿನಲ್ಲೇ ಅತಿ ಉದ್ದದ ಸ್ಥಳನಾಮವೆಂದು ಗಿನ್ನೆಸ್ ದಾಖಲೆಯಲ್ಲಿದೆ. ಅಮರ, ರತ್ನ, ಮಹಾನಗರ ಎಂಬ ನಮಗೆ ಗೊತ್ತಿರುವ ಸಂಸ್ಕೃತ ಪದಗಳೇ ಅದರಲ್ಲಿ ತುಂಬಿವೆ. 2006ರಲ್ಲಿ ತೆರೆದ ಅಲ್ಲಿನ ನಿಲ್ದಾಣದ ಹೆಸರು ಸುವರ್ಣಭೂಮಿ. ಅದರೊಳಗೆ ದೇವತೆಗಳೂ ಅಸುರರೂ ವಾಸುಕಿಯನ್ನು ಹಿಡಿದು ಸಮುದ್ರ ಕಡೆಯುವ ದೊಡ್ಡ ಶಿಲ್ಪವಿದೆ. ಅಜ್ಜಿ ಹೇಳುವ ಕಥೆಯನ್ನೇ ವಿಮಾನ ನಿಲ್ದಾಣದಲ್ಲಿ ನೋಡಬಹುದು!

ಸಿಂಗಪುರ ಎಂದರೆ ಸಿಂಹಪುರ. “ಹಾಗಾದ್ರೆ ತಾತ, ಗುಬ್ಬಿ ಸಿಂಹದ ಊರಿಗೆ ಹೋಗುತ್ತೆ” ಎಂದ ಮೊಮ್ಮಗ. ಆ ಸಿಂಹದ ಊರು, ಊರು ಮಾತ್ರವಲ್ಲ, ದೇಶವೂ ಹೌದು. ವಿಸ್ತೀರ್ಣ 730 ಚದರ ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ನಮ್ಮ ತುಮಕೂರು ಜಿಲ್ಲೆಯ ವಿಸ್ತೀರ್ಣ 10,597 ಚದರ ಕಿ.ಮೀ. ಭಾಗಿಸಿ ನೋಡಿ, ನಮ್ಮ ಜಿಲ್ಲೆಯೊಳಗೆ ಎಷ್ಟು ಸಿಂಗಪುರ ಹಿಡಿಸುತ್ತದೆ?

ಗಂಟೆ ಕಳೆಯುವ ಲೆಕ್ಕ

ಹತ್ತು ಗಂಟೆ ನಡುವೆ ಸಿಕ್ಕಿತೆಂದರೆ ಹತ್ತು ಗಂಟೆ ಊರು ನೋಡಬಹುದೆಂದು ಅರ್ಥವಲ್ಲ. ಇಳಿದು, ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಹೊರಬರಲು ಒಂದೂವರೆ ಗಂಟೆ ಕಳೆಯಿರಿ. ಮುಂದಿನ ವಿಮಾನಕ್ಕೆ ಮೂರು ಗಂಟೆ ಮೊದಲು ವಾಪಸ್ ಬರಬೇಕು, ಅದನ್ನೂ ಕಳೆಯಿರಿ. ಉಳಿದದ್ದು ಐದೂವರೆ. ಇನ್ನು ಊರಿಗೆ ಹೋಗಿಬರುವ ಹೊತ್ತು.

ಈ ದೂರವನ್ನು ನಮ್ಮ ಊರುಗಳ ಲೆಕ್ಕದಲ್ಲಿ ಹೇಳುತ್ತೇನೆ. ಸಿಂಗಪುರದ ಚಾಂಗಿ ನಿಲ್ದಾಣದಿಂದ ನಗರದ ನಡುಭಾಗಕ್ಕೆ ಸುಮಾರು 20 ಕಿ.ಮೀ., ಅಂದರೆ ತುಮಕೂರಿನಿಂದ ಗುಬ್ಬಿಗೆ ಹೋದಷ್ಟು. ಹಾಂಗ್‌ಕಾಂಗ್ ನಿಲ್ದಾಣದಿಂದ ನಗರಕ್ಕೆ ಸುಮಾರು 35 ಕಿ.ಮೀ., ತುಮಕೂರಿನಿಂದ ಕುಣಿಗಲ್ಲಿಗೆ ಹೋದಂತೆ. ಅಲ್ಲಿನ ಏರ್‌ಪೋರ್ಟ್ ರೈಲು ಅಷ್ಟನ್ನು 24 ನಿಮಿಷದಲ್ಲಿ ಮುಟ್ಟಿಸುತ್ತದೆ. ಬ್ಯಾಂಕಾಕಿನ ಸುವರ್ಣಭೂಮಿ ಈ ಎರಡರ ನಡುವೆ, ಸುಮಾರು 30 ಕಿ.ಮೀ. ಕೌಲಾಲಂಪುರದ್ದು ಮಾತ್ರ 55 ಕಿ.ಮೀ.ಗಿಂತ ಹೆಚ್ಚು, ತುಮಕೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ನೆಲಮಂಗಲ ದಾಟಿದಷ್ಟು. ವೇಗದ ರೈಲಿದೆ, ಅರ್ಧ ಗಂಟೆ ಸಾಕು. ಆದರೂ ಕಾಯುವುದು, ಹತ್ತುವುದು, ಇಳಿಯುವುದು ಸೇರಿ ಹೋಗಿಬರಲು ಎರಡು ಗಂಟೆ ಹಿಡಿಯಿರಿ.

ಕೌಲಾಲಂಪುರದಲ್ಲಿ ನೋಡುವುದಕ್ಕೇನೂ ಕಡಿಮೆಯಿಲ್ಲ. 452 ಮೀಟರ್ ಎತ್ತರದ ಪೆಟ್ರೋನಾಸ್ ಜೋಡಿ ಗೋಪುರ ಇದೆ. ಬಟು ಗುಹೆಗಳ ಮುಂದೆ 42.7 ಮೀಟರ್ ಎತ್ತರದ ಮುರುಗನ್ ವಿಗ್ರಹ ಇದೆ, ನಮ್ಮ ಸುಬ್ರಹ್ಮಣ್ಯನೇ. ರೈಲು ನಿಲ್ದಾಣದ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಇಡ್ಲಿ, ದೋಸೆ ಸಿಗುತ್ತದೆ. ಭಾರತೀಯರಿಗೆ 2023ರ ಡಿಸೆಂಬರ್‌ನಿಂದ 30 ದಿನದವರೆಗಿನ ಭೇಟಿಗೆ ವೀಸಾ ಬೇಡವೆಂದು ಮಲೇಷ್ಯಾ ಮಾಡಿತು. ಆದರೆ ಬಟು ಗುಹೆಗೆ 272 ಮೆಟ್ಟಿಲು. ನನ್ನಾಕೆ ಸಿದ್ಧಗಂಗೆಯ ಬೆಟ್ಟ ಹತ್ತುವುದನ್ನು ಬಿಟ್ಟು ಐದು ವರ್ಷವಾಯಿತು. “ಕೆಳಗೇ ನಿಂತು ಕೈ ಮುಗೀತೀನಿ, ತೊಂದರೆ ಇಲ್ಲ” ಎಂದಳು. ಆದರೆ ಅಷ್ಟು ದೂರ ಹೋಗಿ ಬರುವ ಆಯಾಸದ ಮಾತೇ ನಮಗೆ ಮುಖ್ಯವಾಯಿತು.

ಬ್ಯಾಂಕಾಕಿನಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನಿದ್ದಾನೆ. ಅರಮನೆ ಆವರಣದ ಪಚ್ಚೆ ಬುದ್ಧನ ಗುಡಿಯ ಸುತ್ತಣ ಗೋಡೆಯ ಮೇಲೆ ಥಾಯ್ ರಾಮಾಯಣದ ಚಿತ್ರಗಳಿವೆ. ಆದರೆ ಏಪ್ರಿಲ್ ಅಲ್ಲಿ ವರ್ಷದ ಅತಿ ಬಿಸಿಲಿನ ತಿಂಗಳು. ತಿಂಗಳ ಮಧ್ಯೆ ಅವರ ಹೊಸ ವರ್ಷ ಸೊಂಗ್ಕ್ರಾನ್, ಅಂದರೆ ಸಂಕ್ರಾಂತಿ, ಬೀದಿಯಲ್ಲೆಲ್ಲ ನೀರೆರಚಾಟ. ಮಕ್ಕಳಿಗೆ ಖುಷಿ, ಮಂಡಿನೋವಿನವರಿಗೆ ಕಷ್ಟ. ಸಸ್ಯಾಹಾರಿಗಳು ಅಲ್ಲಿ ಮೀನಿನ ಸಾರದ ಬಗ್ಗೆ ಎಚ್ಚರವಾಗಿರಬೇಕು, ತರಕಾರಿ ಪಲ್ಯಕ್ಕೂ ಅದನ್ನು ಹಾಕುವುದುಂಟು. ಹಳದಿ ಹಲಗೆಯ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿ ಸಿಕ್ಕರೆ ಅಲ್ಲಿ ಮಾಂಸ, ಮೀನು ಇರುವುದಿಲ್ಲ.

ಮೊಮ್ಮಗ ಕೊಟ್ಟ ಅಂಕ

ಎಲ್ಲ ಮುಗಿದ ಮೇಲೆ ಮೊಮ್ಮಗ ಪಟ್ಟಿ ಓದಿದ. ದಾರಿಗೆ ಹತ್ತು ಅಂಕ, ಊಟಕ್ಕೆ ಹತ್ತು, ವೀಸಾಕ್ಕೆ ಹತ್ತು, ನೋಡುವ ಜಾಗಕ್ಕೆ ಹತ್ತು. ‘ಅಜ್ಜಿ ನಡೆಯಬೇಕಾದ ದೂರ’ ಎಂಬ ಕಲಂಗೆ ಮಾತ್ರ ಇಪ್ಪತ್ತು. “ಯಾಕೋ ಅದಕ್ಕೆ ಎರಡರಷ್ಟು?” ಎಂದೆ. “ಅಜ್ಜಿ ಬರದಿದ್ರೆ ಉಳಿದಿದ್ದೆಲ್ಲ ಯಾಕೆ ತಾತ?” ಎಂದ. ಅವನ ಅಜ್ಜಿ ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ, “ಪಾಸ್‌ಪೋರ್ಟು ಯಾವ ಬೀರುವಲ್ಲಿಟ್ಟಿದ್ದೀರಿ ನೋಡಿ” ಎಂದು ಕೂಗಿ ಹೇಳಿದಳು.

ಗೆದ್ದದ್ದು ಸಿಂಗಪುರ. ವೀಸಾಕ್ಕೆ ಅಂಕ ಕಡಿಮೆ ಬಂತು, ಏಕೆಂದರೆ ಊರೊಳಗೆ ಹೋಗಬೇಕಾದರೆ ನಮಗೆ ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಮಾಡಿಸಬೇಕು. ಆಸ್ಟ್ರೇಲಿಯಾ, ಅಮೆರಿಕ ಮುಂತಾದ ದೇಶಗಳ ವೀಸಾ ಇರುವವರಿಗೆ 96 ಗಂಟೆಯ ಸೌಲಭ್ಯ ಇದೆ, ಅದಕ್ಕೆ ಷರತ್ತುಗಳೂ ಇವೆ. ನಿಲ್ದಾಣದಿಂದ ಹೊರಬರದೆ ವಿಮಾನ ಬದಲಿಸುವುದಾದರೆ ವೀಸಾ ಬೇಡ. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ತಿಂಗಳಲ್ಲಿ ಆಯಾ ದೇಶದ ಸರ್ಕಾರಿ ಜಾಲತಾಣ ನೋಡಿಯೇ ನಿರ್ಧರಿಸಿ.

ಹದಿಮೂರು ಗಂಟೆ ಹೇಗೆ ಕಳೆದೆವು

ನಾವು ಬೆಳಗಿನ ಜಾವ ಆರೂವರೆಗೆ ಇಳಿದೆವು. ಮುಂದಿನ ವಿಮಾನ ಸಂಜೆ ಏಳೂವರೆಗೆ. ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಿದ್ದೆವು. ಅದಕ್ಕೆ ದುಡ್ಡಿಲ್ಲ, ಆದರೆ ಮೊದಲೇ ಹೇಳಿರಬೇಕು. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿ ಇದ್ದುದರಿಂದ ದೊಡ್ಡ ಪೆಟ್ಟಿಗೆಗಳು ನೇರ ಮೆಲ್ಬರ್ನ್‌ಗೆ ಹೋದವು. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ನಡುವೆ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಒಪ್ಪಿಸುವ ತಾಪತ್ರಯ ಬರಬಹುದು.

ಮೊದಲು ಊರು ನೋಡಲಿಲ್ಲ, ನಿದ್ದೆ ಮಾಡಿದೆವು. ಚಾಂಗಿಯ ಒಳಗೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕೊಠಡಿಗಳಿವೆ. ನನ್ನಾಕೆ ಕಾಲು ಚಾಚಿ ನಾಲ್ಕು ಗಂಟೆ ಮಲಗಿದಳು. ಎದ್ದಾಗ ಪಾದದ ಊತ ಇಳಿದಿತ್ತು. ಆ ಹೊತ್ತಿನಲ್ಲಿ ಮೊಮ್ಮಗನೂ ನಾನೂ ಮೂರನೇ ಟರ್ಮಿನಲ್ಲಿನ ಚಿಟ್ಟೆ ತೋಟ ನೋಡಿಬಂದೆವು. ಅದು ಪ್ರಯಾಣಿಕರಿಗೆ ಉಚಿತ.

ಆಮೇಲೆ ಟ್ಯಾಕ್ಸಿಯಲ್ಲಿ ಸೆರಂಗೂನ್ ರಸ್ತೆಗೆ ಹೋದೆವು. ಅದು ಅಲ್ಲಿನ ಲಿಟ್ಲ್ ಇಂಡಿಯಾ. ಹೂವಿನ ಅಂಗಡಿ, ವೀರಮಾಕಾಳಿ ಅಮ್ಮನ ಗುಡಿ, 1947ರಿಂದ ಇರುವ ಕೋಮಳ ವಿಲಾಸ್ ಹೋಟೆಲು ಎಲ್ಲವೂ ಆ ರಸ್ತೆಯಲ್ಲೇ ಇವೆ. ಬಾಳೆಲೆ ಊಟ ನೋಡಿ ನನ್ನಾಕೆ, “ಇದೇನ್ರೀ, ಇಷ್ಟು ದೂರ ಬಂದು ಅನ್ನ ಸಾರು!” ಎಂದಳು. ದೂರಾಗಿ ಹೇಳಿದ್ದಲ್ಲ, ನೆಮ್ಮದಿಯಿಂದ ಹೇಳಿದ್ದು.

ಮೂರು ಗಂಟೆಯ ಹೊತ್ತಿಗೆ ವಾಪಸ್ ನಿಲ್ದಾಣಕ್ಕೆ ಬಂದೆವು. ಅದಕ್ಕೆ ಅಂಟಿಕೊಂಡೇ 2019ರಲ್ಲಿ ತೆರೆದ ಜ್ಯುವೆಲ್ ಎಂಬ ಗಾಜಿನ ಗುಮ್ಮಟ ಇದೆ. ಅದರ ನಡುವೆ ಛಾವಣಿಯಿಂದ 40 ಮೀಟರ್ ಕೆಳಕ್ಕೆ ನೀರು ಬೀಳುತ್ತದೆ. ಕಟ್ಟಡದೊಳಗಿನ ಜಲಪಾತಗಳಲ್ಲಿ ಜಗತ್ತಿನಲ್ಲೇ ಎತ್ತರದ್ದು. ಮಳೆನೀರನ್ನೇ ಹಿಡಿದು ಮತ್ತೆ ಮತ್ತೆ ಮೇಲಕ್ಕೆ ಎತ್ತಿ ಸುರಿಸುತ್ತಾರೆ. ನಮ್ಮ ಜೋಗದ ರಾಜಾ 253 ಮೀಟರ್. ಇದು ಅದರ ಆರನೇ ಒಂದು ಭಾಗ. ಆದರೆ ಜೋಗದ ಬುಡಕ್ಕೆ ಇಳಿಯಲು ನನ್ನಾಕೆಗೆ ಆಗುತ್ತಿರಲಿಲ್ಲ. ಇಲ್ಲಿ ಗಾಲಿಕುರ್ಚಿಯಲ್ಲೇ ಹತ್ತಿರ ಹೋದಳು. ಜ್ಯುವೆಲ್ ಇರುವುದು ತಪಾಸಣೆಯ ಹೊರಗಡೆ ಎಂಬುದು ನೆನಪಿರಲಿ. ವೀಸಾ ಇಲ್ಲದೆ ಅಲ್ಲಿಗೆ ಹೋಗಲಾಗದು.

ಗಾರ್ಡನ್ಸ್ ಬೈ ದ ಬೇ, ಸಿಂಹಮೀನಿನ ಪ್ರತಿಮೆ, 1859ರ ಸಸ್ಯೋದ್ಯಾನ ಯಾವುದನ್ನೂ ನಾವು ನೋಡಲಿಲ್ಲ. ಒಂದು ನಿದ್ದೆ, ಒಂದು ಊಟ, ಒಂದು ನೋಟ ಎಂದು ಮೊದಲೇ ಮಾತಾಗಿತ್ತು. ಮರುದಿನ ಬೆಳಗ್ಗೆ ಮೆಲ್ಬರ್ನ್‌ನಲ್ಲಿ ಇಳಿದಾಗ ನನ್ನಾಕೆ ಕೂತು ಸುಧಾರಿಸಿಕೊಳ್ಳಬೇಕಾಗಲಿಲ್ಲ. ನೇರ ಹೋಗಿ ಮಗುವನ್ನು ಎತ್ತಿಕೊಂಡಳು.

ಚೀಲ ಕಟ್ಟುವ ಮೊದಲು

ಹೋಗಲಿರುವವರಿಗೆ ಕೆಲವು ಮಾತು:

1. ಮಾತ್ರೆ, ಇನ್ಸುಲಿನ್, ಡಾಕ್ಟರ ಚೀಟಿ, ಕನ್ನಡಕ ಕೈಚೀಲದಲ್ಲೇ ಇರಲಿ. ಪೆಟ್ಟಿಗೆ ತಡವಾಗಿ ಬಂದರೂ ತೊಂದರೆಯಾಗದು.

2. ಎಲೆ ಅಡಿಕೆ ಹಾಕುವವರು ಗಮನಿಸಿ: ಅಗಿಯುವ ಹೊಗೆಸೊಪ್ಪು ಸಿಂಗಪುರದಲ್ಲಿ ನಿಷಿದ್ಧ.

3. ಗಸಗಸೆ ಒಯ್ಯಬೇಡಿ. ನಮಗದು ಪಾಯಸದ ಪದಾರ್ಥ. ಸಿಂಗಪುರದಲ್ಲೂ ದುಬೈ, ಅಬುಧಾಬಿಯಲ್ಲೂ ಅದು ನಿಷೇಧಿತ ಮಾದಕ ವಸ್ತುಗಳ ಲೆಕ್ಕಕ್ಕೆ ಸೇರುತ್ತದೆ.

4. ಚಟ್ನಿಪುಡಿ, ಉಪ್ಪಿನಕಾಯಿ, ಹುರಿಹಿಟ್ಟು ಏನೇ ತಂದಿದ್ದರೂ ಆಸ್ಟ್ರೇಲಿಯಾದಲ್ಲಿ ಇಳಿಯುವಾಗ ಕಾರ್ಡಿನಲ್ಲಿ ಬರೆದು ತೋರಿಸಿ. ಮುಚ್ಚಿಟ್ಟರೆ ದಂಡ.

5. ಕೈಚೀಲದಲ್ಲಿ 100 ಮಿ.ಲೀ.ಗಿಂತ ದೊಡ್ಡ ಸೀಸೆಯಲ್ಲಿ ತುಪ್ಪ, ಎಣ್ಣೆ, ನೀರು ಬಿಡುವುದಿಲ್ಲ. ಖಾಲಿ ಬಾಟಲಿ ಒಯ್ದು ಒಳಗೆ ತುಂಬಿಸಿಕೊಳ್ಳಿ.

6. ಸಿಂಗಪುರ, ಮಲೇಷ್ಯಾಗಳಿಗೆ ಇಳಿಯುವ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಆಗಮನ ಕಾರ್ಡ್ ತುಂಬಬೇಕು. ಇದನ್ನು ಮನೆಯ ಮಕ್ಕಳಿಗೆ ಒಪ್ಪಿಸಿ.

ಮಕ್ಕಳೇ, ನಿಮ್ಮ ಮನೆಯಲ್ಲೂ ಯಾರಾದರೂ ಹೊರಟಿದ್ದರೆ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಊರುಗಳ ಹೆಸರು ಬರೆಯಿರಿ. ಮೇಲುಗಡೆ ದಾರಿ, ಊಟ, ವೀಸಾ, ನೋಡುವ ಜಾಗ, ನಡೆಯಬೇಕಾದ ದೂರ ಎಂದು ಐದು ಕಲಂ ಮಾಡಿ. ಅಂಕ ಕೊಡುವ ಮೊದಲು ಅಜ್ಜಿ-ತಾತನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಸಲಕ್ಕೆ ಎಷ್ಟು ದೂರ ನಡೆಯಬಲ್ಲರು ಎಂದು ಕೇಳಿ. ಆ ಕಲಂಗೆ ಎಷ್ಟು ಅಂಕ ಎಂಬುದನ್ನು ನೀವೇ ತೀರ್ಮಾನಿಸಿ.